ಬಾಯಿ ಇತ್ತು, ದನಿ ಇರಲಿಲ್ಲ

ಮಾಸ್ತರು ಮೆಟ್ಟಿಲು ಹತ್ತಿ ಬಂದಾಗ ನಾನು ಬೀಜದಂಗಡಿಯೊಂದರ ಪ್ರಚಾರದ ಕ್ಯಾಸೆಟ್ಟು ಮಾಡುತ್ತ ಕೂತಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದೆ, ಮೆಕ್ಕೆಜೋಳದ ಗೋದಾಮಿನ ಮೇಲಿದ್ದ ಒಂದೇ ಕೋಣೆ ನನ್ನ ಸ್ಟುಡಿಯೋ. ಗೋಡೆಗೆ ಗೋಣಿಚೀಲ ಬಡಿದು, ಅದರ ಮೇಲೆ ಹಳೇ ಕೌದಿ ಇಳಿಬಿಟ್ಟಿದ್ದೆ. ಆದರೂ ಕೆಳಗೆ ಲಾರಿಗೆ ಚೀಲ ಹೇರಲು ಶುರು ಮಾಡಿದರೆ ಕೆಲಸ ನಿಲ್ಲಿಸಿ ಸುಮ್ಮನೆ ಕೂರಬೇಕಾಗುತ್ತಿತ್ತು.

ಮಾಸ್ತರ ಹಿಂದೆ ಅಕ್ಕ ಬಂದರು. ಅವರ ಹಿಂದೆ ಅವರ ಮಗಳು, ಕೈಯಲ್ಲಿ ಕ್ಯಾಸೆಟ್ಟು ತುಂಬಿದ ಬಟ್ಟೆ ಚೀಲ.

ನಮ್ಮ ಕಡೆ ಊರವರು ಸೇರಿ ನಾಟಕ ಆಡುವಾಗ ಹೆಣ್ಣು ಪಾತ್ರಕ್ಕೆ ಕಲಾವಿದೆಯರನ್ನು ಹೊರಗಿನಿಂದ ಕರೆಸುತ್ತಾರೆ. ಅಕ್ಕ ಅಂಥ ಕಲಾವಿದೆ, ಕೊಟ್ಟೂರಿನವರು. ಕೂಡ್ಲಿಗಿಯಿಂದ ಹಡಗಲಿವರೆಗೆ ಅವರು ಬಣ್ಣ ಹಚ್ಚದ ಊರು ಕಡಿಮೆ. ಸ್ಟುಡಿಯೋ ಇಡುವ ಮೊದಲು ನಾನು ಆ ನಾಟಕಗಳಿಗೆ ಕೀಬೋರ್ಡ್ ನುಡಿಸುತ್ತಿದ್ದೆ. ಮೈಕು ಕೈಕೊಟ್ಟರೂ ಅಕ್ಕನ ಮಾತು ಕೊನೆಯ ಸಾಲಿನವನಿಗೆ ಮುಟ್ಟುತ್ತಿತ್ತು. ಮಾಸ್ತರು ನಾಟಕ ಬರೆದು ಕಲಿಸುವವರು, ಹಾರ್ಮೋನಿಯಂ ಕೂಡ ಅವರದೇ.

ಈಗ ಅಕ್ಕನ ಕುತ್ತಿಗೆಗೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿತ್ತು. ಗಂಟಲಿನ ಕ್ಯಾನ್ಸರಿಗೆ ಆಪರೇಷನ್ ಮಾಡಿ ದನಿಪೆಟ್ಟಿಗೆಯನ್ನೇ ತೆಗೆದಿದ್ದರು. ಕುತ್ತಿಗೆಯ ಬುಡದಲ್ಲಿ ಮಾಡಿದ್ದ ತೂತಿನಿಂದ ಉಸಿರಾಟ. ಅವರು ಉಸಿರು ಬಿಟ್ಟಾಗಲೆಲ್ಲ ಆ ಬಟ್ಟೆ ಸಣ್ಣಗೆ ಅಲುಗುತ್ತಿತ್ತು.

"ಅಕ್ಕಾರ ದನಿ ಇದರಾಗ ಐತಿ ನೋಡು ತಮ್ಮಾ," ಮಾಸ್ತರು ಚೀಲವನ್ನು ಮೇಜಿನ ಮೇಲಿಟ್ಟರು. "ಕಡೀ ಸೀನಿನ ಮಾತಷ್ಟು ತೆಗೆದು ಕೊಡು. ಅಕ್ಕ ಸ್ಟೇಜಿನ ಮ್ಯಾಲೆ ನಿಂತು ಬಾಯಿ ಆಡಸ್ತಾರ. ದನಿ ನೀನು ಬಿಡು."

"ಇವೆಲ್ಲ ನಾಟಕ ನಡೆಯೋವಾಗ ರೆಕಾರ್ಡ್ ಮಾಡಿದ್ದಲ್ಲೇನ್ರಿ? ತಬಲಾ, ಹಾರ್ಮೋನಿಯಂ, ಜನರ ಗದ್ದಲ ಎಲ್ಲ ಕೂಡಿರತಾವ."

"ಕಂಪ್ಯೂಟರಿನಾಗ ಅದನ್ನ ಬ್ಯಾರೆ ಬ್ಯಾರೆ ಮಾಡ್ತಾರಂತಲ್ಲ. ನೀನೂ ಒಂದು ತಗೊಂಡಿದಿ."

ಅಕ್ಕ ನನ್ನ ಮುಖ ನೋಡಿ ತುಟಿ ಆಡಿಸಿದರು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಮಗಳು ಹೇಳಿದಳು: "ಮತ್ತೊಮ್ಮೆ ನಿಂದ್ರಬೇಕು ಅಂತಾಳ, ಅಣ್ಣಾ. ಅದ ಪಾತ್ರದಾಗ."

ಅದು ಮಾಸ್ತರದೇ ನಾಟಕ. ಕೊನೆಯ ದೃಶ್ಯದಲ್ಲಿ ಪಂಚಾಯ್ತಿ ಕೂಡಿರುತ್ತದೆ, ಸಾಹುಕಾರನಾದ ಮಗ ಈಕೆ ಯಾರೋ ಗೊತ್ತಿಲ್ಲ ಅನ್ನುತ್ತಾನೆ. ತಾಯಿ ಪಂಚರಿಗೆ ಉತ್ತರ ಕೊಡಬೇಕು. ಆ ಪಾತ್ರವನ್ನು ಮಾಸ್ತರು ಬರೆದದ್ದೇ ಅಕ್ಕನಿಗಾಗಿ. ಬೇರೆ ಯಾರೂ ಅದನ್ನು ಆಡಿರಲಿಲ್ಲ.

ಹೋಗುವಾಗ ಮಗಳು ಮೆಟ್ಟಿಲ ಬಳಿ ಹಿಂದೆ ಉಳಿದಳು. "ಬ್ಯಾನಿ ತಿರುಗಿ ಬಂದೈತಿ, ಅಣ್ಣಾ. ನಾಲಿಗಿ ಬುಡಕ್ಕ. ಡಾಕ್ಟ್ರು ಅವ್ವನ ಮುಂದ ಹೇಳಿಲ್ಲ, ಆದ್ರ ಆಕಿಗೆ ಗೊತ್ತೈತಿ. ಜಲ್ದಿ ಆಗಬೇಕು."

"ಆಗ್ತೈತಿ ತಂಗಿ," ಅಂದುಬಿಟ್ಟೆ.

ಹೇಗೆ ಆಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ದಾವಣಗೆರೆಯ ಗೆಳೆಯನೊಬ್ಬ ಕೊಟ್ಟ ಸಿ.ಡಿ.ಯಿಂದ ಒಂದು ಸಾಫ್ಟ್‌ವೇರ್ ಹಾಕಿಕೊಂಡಿದ್ದೆ. ಅದರಲ್ಲಿ ಹಾಡು ಕತ್ತರಿಸುವುದು, ಜೋಡಿಸುವುದು, ದನಿ ಏರಿಸಿ ಇಳಿಸುವುದು, ಇಷ್ಟೇ ನನ್ನ ವಿದ್ಯೆ. ಸ್ಪೆಕ್ಟ್ರಲ್ ಅಂತ ಒಂದು ಮೆನು ಇತ್ತು. ಅದನ್ನು ತೆರೆದು ಏನೂ ತಿಳಿಯದೆ ಮುಚ್ಚಿದ್ದೆ. ಈಗ ಅದರ ಸಹಾಯದ ಪುಟಗಳನ್ನು ಪ್ರಿಂಟ್ ತೆಗೆಸಿ, ಇಂಗ್ಲಿಷ್ ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ಓದಿದೆ.

ಮೊದಲು ಕಲಿತದ್ದು ಸದ್ದನ್ನು ಚಿತ್ರವಾಗಿ ನೋಡುವುದು. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಶ್ರುತಿ, ಸದ್ದು ಜೋರಿದ್ದಷ್ಟೂ ಬಣ್ಣ ಹೊಳಪು. ಒಬ್ಬ ಮನುಷ್ಯ ಒಂದು ಸ್ವರ ಎಳೆದರೆ ತೆರೆಯ ಮೇಲೆ ಒಂದು ಗೆರೆಯಲ್ಲ, ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಹತ್ತಾರು ಗೆರೆ ಕಾಣುತ್ತವೆ. ಯಾವ ಗೆರೆ ಹೊಳೆಯುತ್ತದೆ, ಯಾವುದು ಮಸುಕಾಗುತ್ತದೆ ಎಂಬುದರ ಮೇಲೆ ಅದು 'ಆ' ಆಗುತ್ತದೆ, 'ಈ' ಆಗುತ್ತದೆ, 'ಊ' ಆಗುತ್ತದೆ. ಈ ಒಂದು ಮಾತು ಅರ್ಥವಾಗಲು ನನಗೆ ಬಹಳ ದಿನ ಹಿಡಿಯಿತು.

ಆಮೇಲೆ ಕಿಟಕಿಯ ಗಾತ್ರ ಅನ್ನುವ ಕಾಟ ಬಂತು. ಕಂಪ್ಯೂಟರ್ ಸದ್ದನ್ನು ತುಣುಕು ತುಣುಕಾಗಿ ಕತ್ತರಿಸಿ ನೋಡುತ್ತದೆ, ಆ ತುಣುಕಿನ ಅಳತೆಯೇ ಕಿಟಕಿ. ತುಣುಕು ದೊಡ್ಡದಿಟ್ಟರೆ ಶ್ರುತಿಯ ಗೆರೆಗಳು ಕೂದಲಿನಷ್ಟು ಸ್ಪಷ್ಟವಾಗುತ್ತಿದ್ದವು, ಆದರೆ ಕ, ತ, ಪ ಎಲ್ಲ ಹರಡಿ ಗಂಜಿಯಾಗುತ್ತಿದ್ದವು. ಸಣ್ಣದಿಟ್ಟರೆ ಕ, ತ, ಪ ನೆಟ್ಟಗೆ ನಿಲ್ಲುತ್ತಿದ್ದವು, ಶ್ರುತಿ ಕದಡಿಹೋಗುತ್ತಿತ್ತು. ಎರಡೂ ಒಟ್ಟಿಗೆ ಸಿಗುವ ಅಳತೆ ಇದೆ ಎಂದುಕೊಂಡು ಹುಡುಕಿದ್ದೇ ಹುಡುಕಿದ್ದು. ಅಂಥ ಅಳತೆ ಇಲ್ಲ.

ಕ್ಯಾಸೆಟ್ಟುಗಳಲ್ಲಿ ಒಂದು ಚೆನ್ನಾಗಿತ್ತು. ನಮ್ಮ ತಾಲೂಕಿನ ಅರಸೀಕೆರೆಯಲ್ಲಿ ಆಡಿದ ಇದೇ ನಾಟಕ, ಮೈಕ್ ಸೆಟ್ಟಿನ ಪೆಟ್ಟಿಗೆಯಿಂದಲೇ ನೇರವಾಗಿ ತುಂಬಿಕೊಂಡದ್ದು. ಅಕ್ಕನ ಮಾತು ಶುರುವಾಗುತ್ತದೆ, ಅದರ ಅಡಿಯಲ್ಲಿ ಉದ್ದಕ್ಕೂ ಒಂದು ದುಃಖದ ರಾಗ ಹಾಸಿರುತ್ತದೆ. ಅದನ್ನು ನುಡಿಸಿದವನು ನಾನೇ. ಆಗ ಮಾಸ್ತರು ಬೆನ್ನು ತಟ್ಟಿದ್ದರು.

ಮೊದಲು ಸಾಫ್ಟ್‌ವೇರಿನ ಗದ್ದಲ ತೆಗೆಯುವ ಉಪಾಯ ಮಾಡಿದೆ. ಮಾತಿಲ್ಲದ ಕಡೆಯ ಬರೀ ರಾಗದ ತುಣುಕನ್ನು ತೋರಿಸಿ, ಇದನ್ನು ಎಲ್ಲ ಕಡೆಯಿಂದ ಕಳೆ ಎಂದು ಹೇಳಿದೆ. ಕಳೆಯಿತು. ಉಳಿದ ದನಿ ನೀರೊಳಗಿಂದ ಗುಳುಗುಳು ಅನ್ನುತ್ತಿತ್ತು, ಸುತ್ತ ಸಣ್ಣ ಗೆಜ್ಜೆ ಉದುರಿದಂತೆ ಎಂಥದೋ ಕಿಣಿಕಿಣಿ. ಕಡಿಮೆ ಕಳೆದರೆ ರಾಗ ಹಾಗೇ ಉಳಿಯುತ್ತಿತ್ತು. ಆಗ ಕೈಯಿಂದಲೇ ಅಳಿಸಲು ಕೂತೆ. ತೆರೆಯ ಮೇಲೆ ಕೀಬೋರ್ಡಿನ ಗೆರೆ ಯಾವುದು ಎಂದು ಗುರುತಿಸಿ, ಮೌಸಿನಿಂದ ಒಂದೊಂದೇ ಪಟ್ಟಿ ಹಿಡಿದು ಒರೆಸುವುದು. ಒಂದು ಪದಕ್ಕೆ ಒಂದು ಹಗಲು ಹೋಗುತ್ತಿತ್ತು. ಅಕ್ಕ ರಾಗದ ಶ್ರುತಿ ಹಿಡಿದೇ ಮಾತಾಡುತ್ತಿದ್ದವರು, ಅವರ ಗೆರೆ ನನ್ನ ಗೆರೆಯ ಮೇಲೆಯೇ ಕೂತಿರುತ್ತಿತ್ತು. ನನ್ನದನ್ನು ಒರೆಸಿದರೆ ಅವರದೂ ಹೋಗುತ್ತಿತ್ತು. ನಡುನಡುವೆ ಕರೆಂಟು ಹೋಗಿ, ಯು.ಪಿ.ಎಸ್. ಕಿರುಚಿ, ಮಾಡಿದ್ದರಲ್ಲಿ ಅರ್ಧ ಹಾಳಾಗಿ, ಮತ್ತೆ ಮೊದಲಿನಿಂದ.

ಒಂದು ಸಾಲು ಮುಗಿದಾಗ ಎಲ್ಲರನ್ನೂ ಕರೆದೆ. ಕೇಳಿಸಿದೆ. ಮಾಸ್ತರು ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ಕೂತರು. ಮಗಳು ಮೆಲ್ಲಗೆ ಹೇಳಿದಳು: "ಅವ್ವ ಬಾವ್ಯಾಗ ಬಿದ್ದು ಒದರಿದಂಗ ಐತಿ."

ಅಕ್ಕ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಮತ್ತೆ ಒಳಗೆ ಬರಲಿಲ್ಲ.

ಮುಂದಿನ ವಾರ ಮಾಸ್ತರೇ ಬೇರೆ ದಾರಿ ಹೇಳಿದರು. ಮಗಳ ದನಿ ತಾಯಿಯದರ ಹಾಗೇ ಇತ್ತು. ಅವಳು ಮಾತು ಹೇಳಲಿ, ನೀನು ಅದನ್ನು ಒಂದಿಷ್ಟು ವಯಸ್ಸು ಮಾಡು, ಮುಗಿಯಿತು. ನನಗೂ ಅದು ಸರಿಯೆನಿಸಿತು. ನಿಜ ಹೇಳಬೇಕೆಂದರೆ ತಪ್ಪಿಸಿಕೊಳ್ಳಲು ದಾರಿ ಸಿಕ್ಕಿತೆನಿಸಿತು. ಮಗಳು ಮೈಕಿನ ಮುಂದೆ ನಿಂತು ಮಾತು ಹೇಳಿದಳು. ಅಕ್ಕ ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದರು. ಆಮೇಲೆ ಅದನ್ನು ತೆಗೆದಿಟ್ಟು, ಮಗಳ ಕಡೆ ತಿರುಗಿ ನಿಧಾನವಾಗಿ ತುಟಿ ಆಡಿಸಿದರು. ಮಗಳು ಹೆಡ್‌ಫೋನಿನ ವೈರು ಸುತ್ತತೊಡಗಿದಳು.

"ಏನಂತಾರ?" ಮಾಸ್ತರು ಕೇಳಿದರು.

ಅಕ್ಕ ಮೇಜು ತಟ್ಟಿದರು, ಹೇಳು ಎನ್ನುವಂತೆ.

ಮಗಳು ನೆಲ ನೋಡುತ್ತ ತಾಯಿಯ ಮಾತನ್ನು ಹಾಗೇ ಹೇಳಿದಳು: "ಇದು ಆಕಿ ದನಿ. ನಾನು ಸತ್ತ ಮ್ಯಾಲೆ ಆಕಿ ಆಡ್ಲಿ. ನಾನಿನ್ನೂ ಸತ್ತಿಲ್ಲ."

 ಮಾಸ್ತರು ಟೋಪಿ ಹಾಕಿಕೊಂಡರು.

ನನ್ನ ಹತ್ತಿರ ಇನ್ನೊಂದೇ ಉಪಾಯ ಉಳಿದಿತ್ತು. ಒಂದು ಸದ್ದಿನ ಆಕಾರ ತೆಗೆದು ಇನ್ನೊಂದು ಸದ್ದಿಗೆ ತೊಡಿಸುವ ಒಂದು ವಿಧಾನ ಆ ಸಹಾಯದ ಪುಟಗಳಲ್ಲಿತ್ತು. ಮಾತಿನ ಆಕಾರವನ್ನು ಗಾಳಿಗೆ ತೊಡಿಸಿದರೆ ಗಾಳಿ ಮಾತಾಡುತ್ತದೆ. ಅಕ್ಕನ ಬಾಯಿ ಈಗಲೂ ಆಡುತ್ತದಲ್ಲ, ಆ ಆಕಾರ ತೆಗೆದು ಬೇರೆ ಸದ್ದಿಗೆ ತೊಡಿಸೋಣ ಎಂದುಕೊಂಡೆ. ಮೈಕನ್ನು ಅವರ ತುಟಿಗೆ ತಾಗುವಷ್ಟು ಹತ್ತಿರ ಇಟ್ಟು, ಮಾತು ಆಡಿಸಿ, ರೆಕಾರ್ಡ್ ಮಾಡಿದೆ. ತೆರೆಯ ಮೇಲೆ ಅಲ್ಲೊಂದು ಇಲ್ಲೊಂದು ಉದ್ದ ಗೀರು, ಪ ತ ಕ ಹೇಳುವಾಗ ಬಾಯೊಳಗಿನ ಗಾಳಿ ಚಿಟಕ್ಕೆಂದದ್ದು. ಉಳಿದದ್ದೆಲ್ಲ ಕಪ್ಪು. ಉಸಿರು ಬಾಯಿಗೆ ಬರದ ಮೇಲೆ ಪಿಸುಮಾತೂ ಇಲ್ಲ. ತೆಗೆಯಲು ಆಕಾರವೇ ಇಲ್ಲ. ಕಂಪ್ಯೂಟರ್ ಆ ಕಪ್ಪನ್ನು ನಂಬಿ ಕೊಟ್ಟದ್ದು ಬರೀ ಹುಯಿಲು.

ಆ ದಿನಗಳಲ್ಲಿ ನನಗೆ ಊಟ ಸೇರುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಊರು ಕೂಗಿದರೆ ಅದರ ಗೆರೆಗಳು ಕಣ್ಣಿಗೆ ಕಟ್ಟುತ್ತಿದ್ದವು. ಮದುವೆ ಹಾಡಿನ ಕೆಲಸ ಬಂದರೆ ಬೇಡ ಅನ್ನುತ್ತಿದ್ದೆ. ಅಕ್ಕನ ಮಗಳು ಎಸ್.ಟಿ.ಡಿ. ಬೂತಿನಿಂದ ಫೋನ್ ಮಾಡಿದರೆ ಎತ್ತಲು ಹೆದರುತ್ತಿದ್ದೆ. ಅವಳು ಬೇರೇನೂ ಕೇಳುತ್ತಿರಲಿಲ್ಲ. "ಆತೇನ್ರಿ ಅಣ್ಣಾ?" ಅಷ್ಟೇ. ಕೊನೆಗೊಂದು ದಿನ, ಆಗುವುದಿಲ್ಲ ಎಂದು ಎದುರಿಗೇ ಹೇಳಿ ಕ್ಯಾಸೆಟ್ಟು ಮರಳಿಸಿ ಬರೋಣ ಎಂದು ಚೀಲ ಹಿಡಿದು ಕೊಟ್ಟೂರಿನ ಬಸ್ಸು ಹತ್ತಿದೆ.

ಅಕ್ಕನ ಮನೆಯಲ್ಲಿ ಗೋಡೆ ತುಂಬ ಪಾತ್ರಗಳ ಫೋಟೋ. ಅಕ್ಕ ಚಾಪೆಯ ಮೇಲೆ ಕೂತು ಅವರೆಕಾಳು ಸುಲಿಯುತ್ತಿದ್ದರು. ಹಿಂದೆ ನೋಡಿದ್ದಕ್ಕಿಂತ ತೆಳ್ಳಗಾಗಿದ್ದರು. ನನ್ನ ಕೈಯಲ್ಲಿದ್ದ ಚೀಲ ನೋಡಿದರು, ಮುಖ ನೋಡಿದರು, ಮತ್ತೆ ಕಾಳಿಗೆ ಕೈ ಹಾಕಿದರು. ಅವರಿಗೆ ತಿಳಿದುಹೋಗಿತ್ತು. 

ಹೇಳಬೇಕೆಂದು ಹೋದ ಮಾತು ಬಿಟ್ಟು, ಗೋಡೆಯ ಗೂಡಿನಲ್ಲಿದ್ದ ಟಾರ್ಚಿನಂಥದ್ದು ಏನೆಂದು ಮಗಳನ್ನು ಕೇಳಿದೆ.

"ಆಸ್ಪತ್ರಿಯವರು ಕೊಟ್ಟಿದ್ರು. ಕುತ್ತಿಗಿಗೆ ಒತ್ತಿ ಹಿಡದು ಮಾತಾಡಬೇಕಂತ. ಕರೆಂಟ್ ಇಟ್ಟ ಮ್ಯಾಲೆ ಅವ್ವನ ಕುತ್ತಿಗಿ ಕಟ್ಟಿಗಿ ಆಗೈತಲ್ರಿ, ಒಳಗ ಸದ್ದು ಇಳಿಯೂದಿಲ್ಲ."

ಕರೆಂಟ್ ಇಡುವುದೆಂದರೆ ಕ್ಯಾನ್ಸರಿಗೆ ಕೊಡುವ ಕಿರಣದ ಚಿಕಿತ್ಸೆ. ಮಗಳು ಅದನ್ನು ತಂದು ಗುಂಡಿ ಒತ್ತಿದಳು. ಡಬ್ಬಿಯಲ್ಲಿ ದುಂಬಿ ಸಿಕ್ಕಿಕೊಂಡ ಹಾಗೆ ಗುಂಯ್ ಎಂದಿತು. ಅಕ್ಕನಿಗೆ ಆ ಸದ್ದು ಕೇಳಿಯೇ ಸಿಟ್ಟು ಬಂತು. ಮಗಳ ಕೈಯಿಂದ ಕಿತ್ತುಕೊಂಡು, ತಮ್ಮ ಕೆನ್ನೆಗೆ ಒತ್ತಿಕೊಂಡು, ಬಾಯಿ ಆಡಿಸಿದರು.

"ಅವಗ ಚಾ ಕೊಡು."

ನನಗೆ ಕೇಳಿಸಿತು. ಏರಿಳಿತವಿಲ್ಲದ, ತಗಡಿನ ದನಿ. ಆದರೆ ಅಕ್ಷರ ಅಕ್ಷರವೂ ಇತ್ತು.

"ಕೆನ್ನಿಗೆ ಹಿಡದ್ರ ಒಂಚೂರು ತಿಳಿತೈತಿ," ಮಗಳೆಂದಳು. "ಆದ್ರ ಆಕಿಗೆ ಬ್ಯಾಡ. ಹಿಟ್ಟಿನ ಗಿರಣಿ ಮಾತಾಡಿದಂಗ ಐತಿ ಅಂತಾಳ."

ಚಹಾ ಕುಡಿದೆನೋ ಇಲ್ಲವೋ ನೆನಪಿಲ್ಲ. ಇಷ್ಟು ದಿನ ನಾನು ಅಕ್ಕನ ಬಾಯಿಂದ ಸದ್ದು ತೆಗೆಯಲು ಒದ್ದಾಡಿದ್ದೆ. ಆ ಬಾಯಿಯಲ್ಲಿ ಸದ್ದು ಇರಲಿಲ್ಲ. ಸದ್ದನ್ನು ಆ ಅಕ್ಷರವಾಗಿ, ಈ ಅಕ್ಷರವಾಗಿ ಸೋಸುವ ಶಕ್ತಿ ಮಾತ್ರ ಇತ್ತು, ಅದು ಒಂದಿಷ್ಟೂ ಕೆಟ್ಟಿರಲಿಲ್ಲ. ಅದರೊಳಗೆ ಒಳ್ಳೆಯ ಸದ್ದು ಕಳಿಸಬೇಕಾಗಿತ್ತು, ಅಷ್ಟೇ. ಯಾವ ಸದ್ದು? ಅಕ್ಕನ ಮಾತಿನ ಏರಿಳಿತ ಇರುವ ಸದ್ದು. ಅದು ನನ್ನ ಚೀಲದಲ್ಲಿಯೇ ಇತ್ತು. ಕ್ಯಾಸೆಟ್ಟಿನಿಂದ ದನಿ ಬಿಡಿಸಲು ಆಗದಿದ್ದರೂ ದನಿ ಎಲ್ಲಿ ಏರಿತು, ಎಲ್ಲಿ ಇಳಿಯಿತು, ಎಲ್ಲಿ ತಡೆದು ನಿಂತಿತು ಎಂಬುದನ್ನು ಓದಲು ಆಗುತ್ತಿತ್ತು.

ಕ್ಯಾಸೆಟ್ಟು ಮರಳಿಸದೆ ಹರಪನಹಳ್ಳಿಗೆ ಬಂದು, ಅಲ್ಲಿಯವರೆಗೆ ಮಾಡಿದ್ದ ಫೈಲುಗಳನ್ನೆಲ್ಲ ಅಳಿಸಿದೆ. ಅಷ್ಟು ದಿನದ ಕೆಲಸ ಒಂದು ಗುಂಡಿಗೆ ಹೋಯಿತು. ಉಳಿಸಿಕೊಂಡಿದ್ದರೆ ಮತ್ತೆ ಅದಕ್ಕೇ ಅಂಟಿಕೊಳ್ಳುತ್ತೇನೆ ಎಂಬ ಭಯವಿತ್ತು.

ಮಾಸ್ತರ ಜೊತೆ ಕೂತು ಉದ್ದನೆಯ ಮಾತಿನಲ್ಲಿ ಮುಖ್ಯವಾದ ತುಣುಕನ್ನು ಮೊದಲು ಆರಿಸಿಕೊಂಡೆವು. "ನನ್ನ ಹೆಸರು ಕೇಳಬ್ಯಾಡ್ರಿ. ಅವನ್ನ ಕೇಳ್ರಿ. ಅವನ ಬಾಯಾಗ ಮೊದಲು ಬಂದ ಮಾತು ಯಾವುದು ಅಂತ ಕೇಳ್ರಿ."

ತೆರೆಯ ಮೇಲೆ ಕೆಳಗಿನ ಗೆರೆಗಳೆಲ್ಲ ನನ್ನ ಕೀಬೋರ್ಡಿನ ಅಡಿ ಮುಚ್ಚಿಹೋಗಿದ್ದವು. ಮೇಲಿನ ಗೆರೆಗಳು ಬಿಡಿಯಾಗಿದ್ದವು. ಕೀಬೋರ್ಡಿನ ಗೆರೆ ದಾರ ಎಳೆದಂತೆ ನೇರ, ಮಾತಿನ ಗೆರೆ ಬಾಗುತ್ತದೆ, ಹಾಗಾಗಿ ಗುರುತು ತಪ್ಪುತ್ತಿರಲಿಲ್ಲ. ಒಂದು ದನಿಯ ಗೆರೆಗಳೆಲ್ಲ ಮೂಲ ಶ್ರುತಿಯ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಎತ್ತರದಲ್ಲಿ ಒಟ್ಟಿಗೆ ಏರಿಳಿಯುತ್ತವೆ. ಐದನೆಯ ಗೆರೆಯನ್ನು ಹಿಡಿದು, ಅಲ್ಲಲ್ಲಿ ಅಳತೆ ತೆಗೆದು, ಐದರಿಂದ ಭಾಗಿಸಿದೆ. ಅಕ್ಕನ ಮೂಲ ಶ್ರುತಿ ಸಿಕ್ಕಿತು. ಆ ಅಳತೆಯಂತೆ ಏರಿ ಇಳಿಯುವ ಒಂದು ಒರಟು ಗುಂಯ್‌ಗುಡುವ ಸದ್ದನ್ನು ಸಾಫ್ಟ್‌ವೇರಿನಲ್ಲಿ ಹುಟ್ಟಿಸಿದೆ. ಅಕ್ಷರವಿಲ್ಲ, ಬರೀ ಏರಿಳಿತ.

ಅದನ್ನು ಮೊದಲ ಸಲ ಸ್ಪೀಕರಿನಲ್ಲಿ ಹಾಕಿದಾಗ ಅಕ್ಕ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಏನು ಸದ್ದು ಅದು ಎಂದು ನಾನು ಹೇಳಿರಲಿಲ್ಲ. ಮುಗಿಯುವ ಮೊದಲೇ ತಿರುಗಿದರು. ಕೈ ಎತ್ತಿ, ಮತ್ತೆ ಹಾಕು ಎಂದು ಸನ್ನೆ ಮಾಡಿದರು. ಎರಡನೆಯ ಸಲ ಹಾಕಿದಾಗ ತುಟಿ ಆಡಿಸತೊಡಗಿದರು. ಪಂಚರ ಕಡೆ ಚಾಚಬೇಕಾದ ಬಲಗೈ ತಾನಾಗಿ ಎದ್ದಿತು. ತುಟಿ ಒಮ್ಮೆಯೂ ತಾಳ ತಪ್ಪಲಿಲ್ಲ. ಮಗಳು ಗೋಣಿಚೀಲದ ಗೋಡೆಗೆ ಮುಖ ಒತ್ತಿ ನಿಂತಳು.

ಮೈಕ್ ಸೆಟ್ಟಿನ ಅಂಗಡಿಯಿಂದ ಒಂದು ಹಾರ್ನ್ ಸ್ಪೀಕರು ತಂದೆ. ಅದರ ಬಾಯಿ ಬಿಚ್ಚಿದರೆ ಹಿಂದೆ ಸದ್ದು ಹುಟ್ಟುವ ಗುಂಡನೆಯ ಯೂನಿಟ್ ಉಳಿಯುತ್ತದೆ. ಗಾರೆ ಕೆಲಸದವರು ನೀರು ತುಂಬಿಸಿ ಮಟ್ಟ ನೋಡುವ ಪ್ಲಾಸ್ಟಿಕ್ ಲೆವೆಲ್ ಪೈಪನ್ನು ಅದಕ್ಕೆ ಬಿಗಿದು, ಇನ್ನೊಂದು ತುದಿಯನ್ನು ಬಿಸಿನೀರಿನಲ್ಲಿ ತೊಳೆದು ಅಕ್ಕನ ಬಾಯಿಯ ಮೂಲೆಗೆ ಇಟ್ಟೆ. ಕಂಪ್ಯೂಟರಿನ ಸದ್ದು ಪೈಪಿನ ಮೂಲಕ ಬಾಯಿಗೆ, ಬಾಯಿಂದ ಅಕ್ಷರವಾಗಿ ಮೈಕಿಗೆ. ಯೂನಿಟ್ಟಿನಿಂದ ಸದ್ದು ಕೋಣೆಗೂ ಸೋರುತ್ತಿದ್ದರಿಂದ ಅದನ್ನು ಕೌದಿಯಲ್ಲಿ ಸುತ್ತಿ ಬಾಗಿಲಾಚೆ ಇಟ್ಟು, ಪೈಪನ್ನು ಬಾಗಿಲಿನ ಸಂದಿಯಿಂದ ಒಳಗೆ ತಂದೆ.

ಮೊದಲ ಸಲ "ಕೇಳಬ್ಯಾಡ್ರಿ" ಅನ್ನುವ ಪದ ಹೆಡ್‌ಫೋನಿನಲ್ಲಿ ಬಂದಾಗ ಅದನ್ನೇ ತಿರುಗಿ ಹಾಕಿ ಕೇಳಿದೆ. ಆದರೆ ಅದರ ಹಿಂದಿನ ಪದ ಬಂದಿರಲಿಲ್ಲ. "ಹೆಸರು" ಎನ್ನುವುದು "ಎ... ರು" ಆಗಿತ್ತು. ಹ, ಸ ಎರಡಕ್ಕೂ ಉಸಿರು ಬೇಕು. ಬಾಯಲ್ಲಿ ಉಸಿರಿಲ್ಲ.  ಮಾಸ್ತರು ಆ ಪದ ತೆಗೆದುಬಿಡೋಣ, ಬೇರೆ ಪದ ಬರೀತೀನಿ ಅಂದರು. ಅಕ್ಕ ಬೇಡವೆಂದು ತಲೆ ಅಲ್ಲಾಡಿಸಿದರು.

ಕ್ಯಾಸೆಟ್ಟಿನ ಚಿತ್ರವನ್ನು ಮತ್ತೆ ತೆರೆದು ನೋಡಿದೆ. ಸ ಎಂಬ ಸದ್ದು ತೆರೆಯ ತೀರ ಮೇಲ್ಗಡೆ ಹರಡುತ್ತದೆ, ಕೀಬೋರ್ಡೂ ತಬಲಾವೂ ಅಷ್ಟು ಎತ್ತರ ಮುಟ್ಟಿರಲಿಲ್ಲ. ಅಲ್ಲಿ ಅಕ್ಕನ ಸಕಾರ ಟೇಪಿನ ಸಣ್ಣ ಸುಯ್‌ಗುಡುವಿಕೆಯ ನಡುವೆ ಒಂದು ತುಂಡು ಮೋಡದಂತೆ ತಾನೊಂದೇ ಇತ್ತು. ಆ ಮೋಡವನ್ನಷ್ಟೇ ಚೌಕಟ್ಟು ಹಾಕಿ ಕತ್ತರಿಸಿ, ಹೊಸ ರೆಕಾರ್ಡಿಂಗಿನಲ್ಲಿ ಎ ಮತ್ತು ರು ನಡುವೆ ಕೂರಿಸಿದೆ. ಹಕಾರಕ್ಕೂ ಹೀಗೇ, ಟೇಪಿನಲ್ಲಿ ಬೇರೆ ಕಡೆ ಸಿಕ್ಕಿದ ಒಂದು ನಿಟ್ಟುಸಿರು. "ಹೆಸರು" ಆಯಿತು. ಪೂರ್ತಿ ನುಣುಪಾಗಿರಲಿಲ್ಲ, ಆದರೆ ಆಯಿತು.

ನಾನು ಅಂದುಕೊಂಡದ್ದು ಇನ್ನು ದಾರಿ ಸಲೀಸು ಎಂದು. ಅಕ್ಕನ ಬಾಯಿ ಒಪ್ಪಲಿಲ್ಲ. ಕರೆಂಟ್ ಇಟ್ಟ ಬಾಯಿ ಒಣಗಿರುತ್ತಿತ್ತು, ಒಳಗೆ ಹುಣ್ಣು. ಪೈಪು ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಒಂದು ಸಾಲಿಗೆ ಒಂದು ಲೋಟ ನೀರು ಬೇಕಾಗುತ್ತಿತ್ತು. ಎಲ್ಲ ಸರಿಹೋಗಿ ಸಾಲು ಮುಗಿಯುವ ಹೊತ್ತಿಗೆ ಕೆಳಗೆ ಹಮಾಲರು ಚೀಲ ಎತ್ತಿ ಹಾಕಿದ ಸದ್ದು ಬಂದು ಕೆಡುತ್ತಿತ್ತು. ಕೆಳಗಿಳಿದು ಹೋಗಿ ಒಂದಿಷ್ಟು ಹೊತ್ತು ತಡೀರಪ್ಪ ಎಂದು ಕೈಮುಗಿದು ಬರುತ್ತಿದ್ದೆ. ಮೇಲೆ ಬಂದರೆ ಅಕ್ಕನಿಗೆ ತಲೆ ಎತ್ತಲು ಆಗುತ್ತಿರಲಿಲ್ಲ. ಮೂರು ಮಾತು ಮುಗಿದವು. ನಾಲ್ಕನೆಯದಕ್ಕೆ ಕೂತ ದಿನ ನಾಲಿಗೆ ತಿರುಗಲಿಲ್ಲ. ಒಂದೇ ಪದವನ್ನು ಎಷ್ಟೋ ಸಲ ಆಡಿಸಿದರು, ಪ್ರತಿ ಸಲವೂ ಅದು ಬೇರೆ ಪದವಾಗಿ ಬರುತ್ತಿತ್ತು. ಮಗಳು ಪೈಪು ತೆಗೆದಳು.

"ಸಾಕ್ರಿ ಅಣ್ಣಾ. ನಾಲಿಗಿ ಊದೈತಿ."

ಉಳಿದ ಮಾತೆಲ್ಲ ಹಾಗೇ ಇತ್ತು, ಎರಡು ಪುಟದಷ್ಟು. ಮಾಸ್ತರು ಅವತ್ತು ಅಲ್ಲಿಯೇ ಕೂತು ಪುಟ ತೆಗೆದು ಓದಿದರು, ಬಹಳ ಹೊತ್ತು ಓದಿದರು. ಆಮೇಲೆ ಪೆನ್ನು ತೆಗೆದು ಎರಡು ಪುಟವನ್ನೂ ಹೊಡೆದುಹಾಕಿದರು. "ಮೂರು ಮಾತು ಸಾಕು. ಉಳಿದದ್ದಕ್ಕ ಅಕ್ಕ ನಿಂತ್ರ ಆತು." ಅದನ್ನು ಹೇಳುವಾಗ ಅವರು ಅಕ್ಕನ ಕಡೆ ನೋಡಲಿಲ್ಲ.

ನನ್ನೊಳಗೆ ಇನ್ನೊಂದು ಚಿಂತೆ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಆ ಮೂರು ಮಾತನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೆ. ಈಗ ಅದು ಬರೀ ಗುಂಯ್ ಅಂದರೂ ನನ್ನ ಕಿವಿಗೆ ಅಕ್ಷರವಾಗಿಯೇ ಕೇಳುತ್ತಿತ್ತು. ಮಾಸ್ತರಿಗೂ ಮಗಳಿಗೂ ಮಾತು ಬಾಯಿಪಾಠ. ಇದು ಹೊಸಬರಿಗೆ ತಿಳಿಯುತ್ತದೋ ಇಲ್ಲವೋ ಹೇಳಬಲ್ಲವರು ನಮ್ಮಲ್ಲಿ ಯಾರೂ ಉಳಿದಿರಲಿಲ್ಲ.

ನಾಟಕ ಹರಪನಹಳ್ಳಿಯಲ್ಲೇ ಆಯಿತು. ಅಕ್ಕನ ಜೊತೆ ವರ್ಷಾನುಗಟ್ಟಲೆ ಬಣ್ಣ ಹಚ್ಚಿದ ಕಲಾವಿದೆಯರೇ ಎಲ್ಲ ಪಾತ್ರ ಮಾಡಿದರು, ಗಂಡು ಪಾತ್ರವನ್ನೂ. ನಾನು ಪಕ್ಕದ ಪರದೆಯ ಹಿಂದೆ ಕಂಪ್ಯೂಟರ್ ಇಟ್ಟುಕೊಂಡು ಕೂತೆ. ಒಂದೊಂದು ಮಾತಿಗೆ ಒಂದೊಂದು ಕೀಲಿ. ಅಕ್ಕನ ಕೈ ಎದ್ದಾಗ ನಾನು ಒತ್ತಬೇಕು.

ಕೊನೆಯ ದೃಶ್ಯದಲ್ಲಿ ಅಕ್ಕ ಒಳಬಂದರು. ಕುತ್ತಿಗೆಯ ಬಟ್ಟೆ ಮುಚ್ಚುವಂತೆ ಸೆರಗು ಹೊದ್ದಿದ್ದರು. ನಡು ಸ್ಟೇಜಿಗೆ ಬಂದು ನಿಂತರು, ನಿಂತೇ ಇದ್ದರು. ಮುಂದಿನ ಸಾಲಿನಲ್ಲಿ ಒಬ್ಬ "ಮೈಕ್ ಬಂದ್ ಆಗೈತಿ ನೋಡ್ರಲೇ" ಅಂದ. ಕೆಲವರು ನಕ್ಕರು. ಅಕ್ಕ ಆ ನಗು ನಿಲ್ಲುವವರೆಗೆ ಕಾದರು. ಆಮೇಲೆ ಕೈ ಎತ್ತಿದರು.

ಮೊದಲ ಕೀಲಿ ಒತ್ತಿದೆ. "ನನ್ನ ಹೆಸರು ಕೇಳಬ್ಯಾಡ್ರಿ." ಹಾರ್ನುಗಳಲ್ಲಿ ಅದು ನಾನು ಅಂದುಕೊಂಡದ್ದಕ್ಕಿಂತ ಒರಟಾಗಿ ಬಂತು. ಎಲ್ಲೋ ತಗಡು ಉಜ್ಜಿದ ಹಾಗೆ. ಜನ ಸುಮ್ಮನಾದರು. ಅದು ತಿಳಿದದ್ದಕ್ಕೋ, ಏನು ಸದ್ದು ಎಂದು ತಿಳಿಯದ್ದಕ್ಕೋ ಗೊತ್ತಾಗಲಿಲ್ಲ. ನಾನು ಜನರ ಕಡೆ ಕಿವಿ ಕೊಟ್ಟು ಕೂತೆ. ಕಣ್ಣು ಸ್ಟೇಜಿಗೆ ತಿರುಗಿದಾಗ ಅಕ್ಕನ ಕೈ ಆಗಲೇ ಎದ್ದಿತ್ತು. ಒತ್ತಿದೆ. "ಅವನ್ನ ಕೇಳ್ರಿ." ಅಕ್ಕ ಮಗನ ಪಾತ್ರದವಳ ಕಡೆ ಒಂದು ಹೆಜ್ಜೆ ಇಟ್ಟರು. ಮೂರನೆಯದು. "ಅವನ ಬಾಯಾಗ ಮೊದಲು ಬಂದ ಮಾತು ಯಾವುದು ಅಂತ ಕೇಳ್ರಿ."

ಮಗನ ಪಾತ್ರದವಳು ತಲೆ ತಗ್ಗಿಸಿ ನಿಲ್ಲಬೇಕು, ನಿಂತಳು. ಆಗ ಹೆಂಗಸರು ಕೂತಿದ್ದ ಕಡೆಯಿಂದ ಯಾರೋ ಒಬ್ಬಾಕೆ, ಮುದುಕಿಯಿರಬೇಕು, ಪಕ್ಕದವಳಿಗೆ ಹೇಳುವಷ್ಟೇ ದನಿಯಲ್ಲಿ ಅಂದಳು: "ಅವ್ವ ಅಂತ."

ಮಾತು ಮುಟ್ಟಿತ್ತು. 

ನಾಟಕ ಮುಗಿದು ಒಳಗೆ ಹೋದಾಗ ಅಕ್ಕ ಬಣ್ಣದ ಪೆಟ್ಟಿಗೆಯ ಪಕ್ಕ ಗೋಡೆಗೆ ಒರಗಿ ಕೂತಿದ್ದರು. ಮಗಳು ನೀರು ತರಲು ಹೋಗಿದ್ದಳು. ಮಾಸ್ತರನ್ನು ಊರಿನವರು ಹೊರಗೆ ಸುತ್ತುವರಿದಿದ್ದರು. ಕೋಣೆಯಲ್ಲಿ ನಾವಿಬ್ಬರೇ. ನಾನು ಅವರ ಮುಂದೆ ಕುಕ್ಕುರುಗಾಲಿನಲ್ಲಿ ಕೂತೆ. ಅಕ್ಕ ನನ್ನ ಕಡೆ ನೋಡಿ ತುಟಿ ಆಡಿಸಿದರು. ನಾಲಿಗೆ ಊದಿದ್ದರಿಂದ ಮೊದಲಿನಷ್ಟು ನೆಟ್ಟಗೆ ಇರಲಿಲ್ಲ. ಅಭ್ಯಾಸದಂತೆ ಮಗಳು ಎಲ್ಲಿ ಎಂದು ಬಾಗಿಲ ಕಡೆ ತಿರುಗುತ್ತಿದ್ದವನು ಅರ್ಧಕ್ಕೇ ನಿಂತೆ. ತಿಳಿದಿತ್ತು. ತಿಂಗಳುಗಟ್ಟಲೆ ಆ ಬಾಯಿಯನ್ನೇ ನೋಡುತ್ತ, ಅದರ ಒಂದೊಂದು ಅಕ್ಷರವನ್ನೂ ತೆರೆಯ ಮೇಲೆ ಅಳೆಯುತ್ತ ಕೂತಿದ್ದವನಿಗೆ, ಯಾರ ಸಹಾಯವೂ ಇಲ್ಲದೆ ತಿಳಿದಿತ್ತು.

ಎರಡನೇ ಮಾತು ತಡಾ ಬಿಟ್ಟಿ.

"ಹೌದಕ್ಕಾ," ಅಂದೆ. "ಜನರ ಕಡೆ ನೋಡಾಕ ಹತ್ತಿದ್ದೆ. ನಿಮ್ಮ ಕೈ ನೋಡಲಿಲ್ಲ."

ಅಕ್ಕ ತಲೆ ಆಡಿಸಿದರು. ಇನ್ನೊಮ್ಮೆ ಹಾಗೆ ಮಾಡಬೇಡ ಎನ್ನುವಂತೆ ನನ್ನ ತೋಳಿಗೆ ಒಂದು ಸಣ್ಣ ಏಟು ಕೊಟ್ಟು, ಕನ್ನಡಿ ಎಳೆದುಕೊಂಡು, ಬಣ್ಣ ಒರೆಸಿಕೊಳ್ಳತೊಡಗಿದರು.